ಹೂವು ಬಲಕ್ಕೆ ಬಿತ್ತು, ಪ್ರಶ್ನೆ ಏನಿತ್ತು?

“ಎಷ್ಟೊತ್ತಿಗೆ ಶುರು ಆಗ್ತದ್ರೀ?”

ಧಾರವಾಡದ ಒಂದು ಹಳೆಯ ಹೆಂಚಿನ ಮನೆ. ಹೊಸ್ತಿಲ ಹೊರಗೆ ನಿಂತು ಒಬ್ಬರು ಹೀಗೆ ಕೇಳಿದರು. ಪಕ್ಕದ ಓಣಿಯಲ್ಲಿ ಮೋಟಾರ್ ರಿವೈಂಡಿಂಗ್ ಮಾಡುವವರು. ಉಗುರಿನ ಸಂದಿಯಲ್ಲಿ ಇನ್ನೂ ಗ್ರೀಸ್ ಇತ್ತು. ಒಳಗಿನ ಮೂರು ಕೋಣೆಗಳಲ್ಲಿ ನನ್ನ ಗೆಳೆಯರು ಐದು ದಿನದ ಮಲ್ಟಿಮೀಡಿಯಾ ಕಲಾ ಪ್ರದರ್ಶನ ಇಟ್ಟಿದ್ದರು. ದಿನನಿತ್ಯದ ಬದುಕಿನಲ್ಲಿ ದೇವರು ನಮ್ಮ ಜೊತೆ ಹೇಗೆ ಮಾತಾಡುತ್ತಾನೆ ಅನ್ನುವುದು ವಿಷಯ. ವೈರ್ ಎಳೆಯುವುದು, ಸ್ಪೀಕರ್ ಕೂರಿಸುವುದು, ಬಂದವರಿಗೆ ದಾರಿ ತೋರಿಸುವುದು ನನ್ನ ಪಾಲಿನ ಕೆಲಸ.

“ಶುರು ಅಂತ ಏನಿಲ್ರೀ. ನೀವು ಒಳಗ ಹೋದಾಗಿಂದ ಶುರು” ಅಂದೆ.

ಅವರಿಗೆ ಇದು ಸರಿ ಬರಲಿಲ್ಲ. ನಾಟಕಕ್ಕೆ ಮೂರನೇ ಬೆಲ್ ಇರುತ್ತದೆ. ಸಿನಿಮಾಕ್ಕೆ ಶೋ ಟೈಮ್ ಇರುತ್ತದೆ. ಬರೀ ಚಿತ್ರಗಳಿದ್ದರೆ ಗೋಡೆ ನೋಡುತ್ತ ಹೋಗಿಬಿಡಬಹುದು. ಇಲ್ಲಿ ಕತ್ತಲಿದೆ, ಸದ್ದಿದೆ, ಪರದೆಯೂ ಇದೆ. ಎಲ್ಲಿ ನಿಲ್ಲಬೇಕು? ಎಷ್ಟು ಹೊತ್ತು ನೋಡಬೇಕು? ಮುಗಿಯಿತು ಅಂತ ಗೊತ್ತಾಗುವುದು ಹೇಗೆ? ಇಂಥ ಪ್ರದರ್ಶನಕ್ಕೆ ಹೋದ ಬಹಳ ಜನ ಇದೇ ಗೊಂದಲದಲ್ಲಿ ಎರಡು ನಿಮಿಷ ನಿಂತು ಹೊರಗೆ ಬರುತ್ತಾರೆ. ತಪ್ಪು ಅವರದಲ್ಲ, ಯಾರೂ ಹೇಳಿಕೊಟ್ಟಿರುವುದಿಲ್ಲ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳೋಣ ಅನ್ನಿಸಿತು.

ಚಿತ್ರ, ಸದ್ದು, ಬೆಳಕು, ಕೈಗೆ ಸಿಗುವ ವಸ್ತು ಎಲ್ಲ ಸೇರಿ ಒಂದೇ ಕೃತಿಯಾದರೆ ಅದು ಮಲ್ಟಿಮೀಡಿಯಾ. ಇಡೀ ಕೋಣೆಯನ್ನೇ ಕೃತಿಯಾಗಿ ಕಟ್ಟಿದರೆ ಅದಕ್ಕೆ ಇನ್‌ಸ್ಟಲೇಶನ್ ಅನ್ನುತ್ತಾರೆ. ಅದರೊಳಗೆ ನಾವು ನಡೆದಾಡಬೇಕು. ಹೆಸರು ಹೊಸದು, ಆದರೆ ನಮ್ಮ ಕಡೆಯವರಿಗೆ ಇದು ಗುರುತಿಲ್ಲದ್ದೇನಲ್ಲ. ಹುಬ್ಬಳ್ಳಿಯಲ್ಲಿ ಗಣಪತಿ ಹಬ್ಬಕ್ಕೆ ಓಣಿ ಓಣಿಗೆ ಮಂಟಪ ಹಾಕುತ್ತಾರಲ್ವಾ? ಬಣ್ಣದ ಬೆಳಕು, ಹಾಡು, ಕೈ ಎತ್ತಿ ಇಳಿಸುವ ಗೊಂಬೆಗಳು, ಸಾಲಾಗಿ ಒಳಗೆ ಹೋಗಿ ಹೊರಗೆ ಬರುವ ಜನ.

ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು ಧಾರವಾಡ ತಾಲೂಕಿನ ಹನುಮನಕೊಪ್ಪದ ಬೊಂಬೆ ಭವಿಷ್ಯ. ಯುಗಾದಿ ಅಮಾವಾಸ್ಯೆಯ ಸಂಜೆ ಊರಿನವರು ತುಪ್ಪರಿ ಹಳ್ಳದ ದಂಡೆಗೆ ಹೋಗಿ ಬೊಂಬೆ, ಕಾಳು ಇಟ್ಟು ಬರುತ್ತಾರೆ. ರಾತ್ರಿ ಕಳೆದ ಮೇಲೆ ಬೆಳಗ್ಗೆ ಹೋಗಿ ನೋಡುತ್ತಾರೆ. ಯಾವ ಬೊಂಬೆಗೆ ಏನಾಗಿದೆ, ಯಾವ ಕಾಳಿಗೆ ಏನಾಗಿದೆ ಅಂತ ನೋಡಿ ಆ ವರ್ಷದ ಮಳೆ, ಬೆಳೆ, ರಾಜಕೀಯ ಹೇಳುತ್ತಾರೆ. ನನಗೆ ಇದು ಬಹಳ ದೊಡ್ಡ ಕಲೆಯಾಗಿ ಕಾಣುತ್ತದೆ. ವಸ್ತು ಜೋಡಿಸಿದ್ದು ಮನುಷ್ಯ. ಅದರ ಮೇಲೆ ಕೈ ಆಡಿಸಿದ್ದು ಒಂದು ರಾತ್ರಿ. ಓದುವುದು ಮತ್ತೆ ಮನುಷ್ಯ. ನಡುವಿನ ಆ ರಾತ್ರಿಯನ್ನು ಯಾರೂ ನೋಡಿರುವುದಿಲ್ಲ.

ದೇವರ ಮಾತು ಅನ್ನುವ ವಿಷಯಕ್ಕೆ ಒಂದು ಚಿತ್ರ ಬರೆದರೆ ಯಾಕೆ ಸಾಲುವುದಿಲ್ಲ ಅನ್ನುವುದೂ ಇಲ್ಲೇ ತಿಳಿಯುತ್ತದೆ. ಕ್ಯಾಲೆಂಡರಿನಲ್ಲಿ ದೇವರ ಚಿತ್ರ ಇರುತ್ತದೆ, ನೋಡಿ ಕೈ ಮುಗಿಯುತ್ತೇವೆ. ಮಾತು ಹಾಗಲ್ಲ. ಮಾತಿಗೆ ಮೊದಲು ಕಾಯುವುದಿರುತ್ತದೆ, ಆಮೇಲೆ ಅದು ಬರುವ ಗಳಿಗೆ, ಆಮೇಲೆ “ಏನಂದ?” ಅಂತ ತಲೆ ಕೆಡಿಸಿಕೊಳ್ಳುವುದು. ಇದಕ್ಕೆಲ್ಲ ಹೊತ್ತು ಬೇಕು. ಹೊತ್ತನ್ನು ಹಿಡಿದಿಡುವುದು ವಿಡಿಯೊ ಮತ್ತು ಧ್ವನಿ.

ನಮ್ಮ ಭಾಷೆಯಲ್ಲೇ ಇದರ ಎಷ್ಟು ಪದಗಳಿವೆ ನೋಡಿ. ದೇವರು ಅಪ್ಪಣೆ ಕೊಡುತ್ತಾನೆ. ಪ್ರಸಾದ ಕೊಡುತ್ತಾನೆ. ಕನಸಿನಲ್ಲಿ ಬಂದು ಹೇಳುತ್ತಾನೆ. ಒಬ್ಬರ ಮೈಮೇಲೆ ಬಂದು ಹೇಳಿಕೆ ಆಗುತ್ತದೆ. ನಸುಕಿನಲ್ಲಿ ಬುಡುಬುಡಿಕೆಯವರು ಬಂದು ಹಾಲಕ್ಕಿ ನುಡಿಯಿತು ಅನ್ನುತ್ತಾರೆ. ಹಲ್ಲಿ ಲೊಚಗುಟ್ಟುತ್ತದೆ. ಪುರಾಣದಲ್ಲಿ ಕಂಸ ಕೇಳಿದ್ದು ಆಕಾಶವಾಣಿ. ಅದೇ ಪದವನ್ನು 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ ತಮ್ಮ ರೇಡಿಯೊ ಕೇಂದ್ರಕ್ಕೆ ಇಟ್ಟರು, ಮುಂದೆ ಅದು ದೇಶದ ರೇಡಿಯೊಗೇ ಹೆಸರಾಯಿತು. ಧಾರವಾಡಕ್ಕೆ ಆಕಾಶವಾಣಿ ಬಂದದ್ದು 1950ರಲ್ಲಿ. ಮೈ ಕಾಣದ ಧ್ವನಿಗೆ ದೇವರ ಧ್ವನಿಯ ಹೆಸರನ್ನೇ ಕೊಟ್ಟ ಜನ ನಾವು. ಕತ್ತಲ ಕೋಣೆಯಲ್ಲಿ ಸ್ಪೀಕರ್‌ನಿಂದ ಒಂದು ದನಿ ಬಂದಾಗ ಮೈ ಜುಮ್ಮೆನ್ನುವುದರ ಬೇರು ಇಲ್ಲೇ ಎಲ್ಲೋ ಇದೆ.

ಗೆಳೆಯರ ಮೊದಲ ಕೋಣೆಯಲ್ಲಿ ಇದ್ದದ್ದು ಒಂದೇ ಒಂದು ವಿಡಿಯೊ. ಒಂದು ಮನೆಯ ಜಗಲಿಯ ಮೇಲಿನ ಕಲ್ಲಿನ ದೇವರು. ನೀರಿನಲ್ಲಿ ಅದ್ದಿದ ಸೇವಂತಿಗೆಯ ಎಸಳು ಎಡಕ್ಕೊಂದು, ಬಲಕ್ಕೊಂದು ಅಂಟಿಕೊಂಡಿವೆ. ಕ್ಯಾಮೆರಾ ಅಲುಗುವುದಿಲ್ಲ. ಒಂಬತ್ತು ನಿಮಿಷ ಏನೂ ಆಗುವುದಿಲ್ಲ. ಎಸಳಿನ ತುದಿಯಲ್ಲಿ ಒಂದು ಹನಿ ದಪ್ಪಗಾಗುತ್ತದೆ, ಬೀಳುತ್ತದೆ. ಎಸಳಿನ ಅಂಚು ಕಲ್ಲಿನಿಂದ ಒಂದು ಕೂದಲೆಳೆಯಷ್ಟು ಬಿಡುತ್ತದೆ. ಮತ್ತೆ ಹಾಗೇ ನಿಲ್ಲುತ್ತದೆ. ಕೊನೆಗೆ ಬಲಗಡೆಯ ಎಸಳು ಜಾರಿ ಕೆಳಗೆ ಬೀಳುತ್ತದೆ. ಅಷ್ಟೇ. ಮತ್ತೆ ಮೊದಲಿನಿಂದ.

ಪ್ರಸಾದ ಕೇಳುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಮಗಳ ಮದುವೆ, ಹೊಲದ ಖರೀದಿ, ಆಪರೇಷನ್ ಮಾಡಿಸಬೇಕೋ ಬೇಡವೋ. ಮನಸ್ಸಿನಲ್ಲಿ ಪ್ರಶ್ನೆ ಇಟ್ಟುಕೊಂಡು ಕೂರುತ್ತಾರೆ. ಬಲಕ್ಕೆ ಹೂ ಬಿದ್ದರೆ ಆಗಬಹುದು, ಎಡಕ್ಕೆ ಬಿದ್ದರೆ ಬೇಡ. ವಿಡಿಯೊದಲ್ಲಿದ್ದದ್ದು ನಿಜವಾಗಿ ಕೇಳಿದ ಪ್ರಸಾದ. ಆ ಮನೆಯವರು ಚಿತ್ರ ತೆಗೆಯಲು ಒಪ್ಪಿದ್ದರು. ಏನು ಕೇಳಿದೆವು ಅನ್ನುವುದನ್ನು ಮಾತ್ರ ಹೇಳುವುದಿಲ್ಲ ಅಂದಿದ್ದರು.

ಎರಡನೇ ದಿನ ಒಬ್ಬರು ಅಮ್ಮ ಬಂದರು. ಯಾರೂ ಹೇಳದಿದ್ದರೂ ಚಪ್ಪಲಿ ಹೊರಗೆ ಬಿಟ್ಟರು. ಅವರೊಬ್ಬರೇ ಅಲ್ಲ, ಆ ಕೋಣೆಯ ಮುಂದೆ ಐದೂ ದಿನ ಚಪ್ಪಲಿಯ ರಾಶಿ ಬಿದ್ದಿರುತ್ತಿತ್ತು. ಸೆರಗು ಹೊದ್ದು, ಗೋಡೆಗೆ ಒರಗಿ, ಒಂಬತ್ತೂ ನಿಮಿಷ ನಿಂತು ನೋಡಿದರು. ಹೂ ಬಿದ್ದಾಗ ಕೈ ಮುಗಿದರು. ಆಮೇಲೆ ನನ್ನ ಕಡೆ ತಿರುಗಿದರು.

“ಏನ್ ಕೇಳಿದ್ರು ತಮ್ಮಾ?”

“ಅದು ಆ ಮನಿಯವ್ರಿಗಷ್ಟ ಗೊತ್ತರೀ ಅಮ್ಮಾರ.”

“ಹಂಗಾರ ಉತ್ತರಾ ನಮಗ್ಯಾಕ ತೋರಸ್ತೀರಿ?”

ನನ್ನಲ್ಲಿ ಮಾತಿರಲಿಲ್ಲ. ಗೆಳೆಯರಿಗೆ ಹೇಳಿದೆ. ಆ ರಾತ್ರಿ ಒಬ್ಬರೂ ಮನೆಗೆ ಹೋಗಲಿಲ್ಲ, ಕೂತು ಮಾತಾಡಿದೆವು. ಪ್ರಶ್ನೆ ಇಲ್ಲದ ಉತ್ತರ ಉತ್ತರವೇ ಅಲ್ಲ. ಅದು ಸುಮ್ನೆ ಬಿದ್ದ ಹೂವು. ನಾವು ಒಂದು ಮನೆಯ ಗುಟ್ಟಿನ ಅರ್ಧ ಭಾಗ ತಂದು ಗೋಡೆಗೆ ಹಾಕಿದ್ದೆವು. ಅನುಮತಿ ಪಡೆದೇ ತಂದಿದ್ದೆವು, ಆದರೂ ಏನೋ ಸರಿಯಿಲ್ಲ ಅನ್ನಿಸಿತು.

ಮರುದಿನ ಪರದೆಯ ಮುಂದೆ ಒಂದು ಮಣೆ ಹಾಕಿದೆವು. ಯಾರು ಬೇಕಾದರೂ ಕೂರಬಹುದು, ತಮ್ಮದೇ ಪ್ರಶ್ನೆ ಇಟ್ಟುಕೊಂಡು ನೋಡಬಹುದು. ಜನ ಕೂತರು. ಕೋಣೆಯ ಗಾಳಿಯೇ ಬದಲಾಯಿತು. ಅದುವರೆಗೆ ಹೂವನ್ನು ನೋಡುತ್ತಿದ್ದವರು ಈಗ ಹೂವಿಗಾಗಿ ಕಾಯತೊಡಗಿದರು. ಆದರೆ ಮಧ್ಯಾಹ್ನದ ಹೊತ್ತಿಗೆ ಒಬ್ಬ ಹುಡುಗ ಬಂದು ಹೇಳಿದ: “ಅಣ್ಣಾ, ಇದು ಯಾವಾಗ್ಲೂ ಬಲಕ್ಕs ಬೀಳ್ತದ.” ಅವನು ಮೂರು ಸಲ ಕೂತು ನೋಡಿದ್ದ.

ಅವನು ಹಿಡಿದದ್ದು ಈ ಕಲೆಯ ಮೂಲ ಸಮಸ್ಯೆಯನ್ನೇ. ಮಲ್ಟಿಮೀಡಿಯಾದಲ್ಲಿ ಹೊತ್ತನ್ನು ನಡೆಸಲು ಮುಖ್ಯವಾಗಿ ಮೂರು ದಾರಿ ಇವೆ. ಒಂದು ಲೂಪ್. ರೆಕಾರ್ಡ್ ಮಾಡಿದ್ದು ಮುಗಿದ ಕೂಡಲೇ ಮತ್ತೆ ಮೊದಲಿನಿಂದ ಓಡುತ್ತದೆ. ಪ್ರದರ್ಶನಗಳಲ್ಲಿ ಜಾಸ್ತಿ ಇರುವುದು ಇದೇ, “ಎಷ್ಟೊತ್ತಿಗೆ ಶುರು” ಅನ್ನುವ ಪ್ರಶ್ನೆ ಬರುವುದೂ ಇದರಿಂದಲೇ. ಗಾಣದ ಎತ್ತು ಎಲ್ಲಿಂದ ಹೊರಟಿತು ಅಂತ ಕೇಳಿದ ಹಾಗೆ. ನೀವು ಯಾವ ಗಳಿಗೆಯಲ್ಲಿ ಒಳಗೆ ಹೋದಿರೋ ಅಲ್ಲಿಂದ ನೋಡಿ, ಅದೇ ಗಳಿಗೆ ಮತ್ತೆ ಬಂದಾಗ ಒಂದು ಸುತ್ತು ಮುಗಿದ ಹಾಗೆ. ದಯವಿಟ್ಟು ಒಂದು ಸುತ್ತಾದರೂ ಪೂರ್ತಿ ನೋಡಿ. ನಡುವೆ ಬಿಟ್ಟು ಬಂದರೆ ಅರ್ಧ ವಾಕ್ಯ ಕೇಳಿಸಿಕೊಂಡು ಎದ್ದು ಬಂದಂತೆ.

ಲೂಪ್ ಬೇರೆ ಎಲ್ಲದಕ್ಕೂ ನಡೆಯುತ್ತದೆ. ಮಂತ್ರಕ್ಕೆ, ಜಪಕ್ಕೆ ಚೆನ್ನಾಗಿ ಹೊಂದುತ್ತದೆ, ಅವೂ ಸುತ್ತು ಬರುವಂಥವೇ. ಆದರೆ ದೇವರ ಉತ್ತರಕ್ಕೆ ನಡೆಯುವುದಿಲ್ಲ. ಎಲ್ಲರಿಗೂ, ಎಲ್ಲ ಪ್ರಶ್ನೆಗೂ ಒಂದೇ ಉತ್ತರ ಬಂದರೆ ಕೇಳುವುದಾದರೂ ಯಾಕೆ?

ಎರಡನೆಯ ದಾರಿ ರ್ಯಾಂಡಮ್. ಎಡಕ್ಕೆ ಬೀಳುವ ವಿಡಿಯೊ ಒಂದು, ಬಲಕ್ಕೆ ಬೀಳುವುದು ಒಂದು ಇಟ್ಟು, ಪ್ರತಿ ಸಲ ಕಂಪ್ಯೂಟರ್ ಒಂದನ್ನು ಆರಿಸುವಂತೆ ಮಾಡುವುದು. ಕಂಪ್ಯೂಟರ್ ಹೇಗೆ ಆರಿಸುತ್ತದೆ? ಸಾಮಾನ್ಯವಾಗಿ ಅದು ಒಂದು ಸಂಖ್ಯೆಯಿಂದ ಹೊರಡುತ್ತದೆ. ಆ ಸಂಖ್ಯೆಗೆ ಬೀಜ ಅಂತಲೇ ಹೆಸರು. ಅದನ್ನು ಒಂದು ಸೂತ್ರಕ್ಕೆ ಹಾಕಿ ಮುಂದಿನ ಸಂಖ್ಯೆ, ಅದರಿಂದ ಅದರ ಮುಂದಿನದು, ಹೀಗೆ ತೆಗೆಯುತ್ತ ಹೋಗುತ್ತದೆ. ನೋಡುವವರಿಗೆ ಗೊತ್ತುಗುರಿ ಇಲ್ಲದ ಸಂಖ್ಯೆಗಳಂತೆ ಕಾಣುತ್ತವೆ. ಆದರೆ ಅದೇ ಬೀಜ ಮತ್ತೆ ಬಿತ್ತಿದರೆ ಅದೇ ಬೆಳೆ ಬರುತ್ತದೆ. ವಿದ್ಯುತ್ ಸರ್ಕ್ಯೂಟಿನಲ್ಲಿ ತಾನಾಗಿ ಇರುವ ಸಣ್ಣ ಗದ್ದಲವನ್ನು ಅಳೆದು, ಮೊದಲೇ ಹೇಳಲಾಗದ ಸಂಖ್ಯೆ ತೆಗೆಯುವ ಸಾಧನಗಳೂ ಇವೆ.

ಇದರ ಮೇಲೆ ನಮ್ಮಲ್ಲಿ ದೊಡ್ಡ ವಾದವೇ ಆಯಿತು. ಗೆಳತಿಯೊಬ್ಬಳು, “ದೇವರ ಮುಂದ ಚೀಟಿ ಹಾಕಿ ಸಣ್ಣ ಹುಡುಗನ ಕಡೆ ಎತ್ತಸ್ತೀವಿ. ಅದೂ ರ್ಯಾಂಡಮ್ ಅಲ್ಲೇನು?” ಅಂದಳು. ಮಾತು ನಿಜ. ಚೀಟಿಯನ್ನು ನಾವು ನಂಬುವುದೇ ಅದರಲ್ಲಿ ಯಾರ ಕೈವಾಡವೂ ಇಲ್ಲ ಅಂತ. ಮನುಷ್ಯನ ಕೈ ಎಲ್ಲಿ ನಿಲ್ಲುತ್ತದೋ ಅಲ್ಲಿ ದೇವರಿಗೆ ಜಾಗ ಆಗುತ್ತದೆ ಅನ್ನುವುದು ಆ ನಂಬಿಕೆ. ಆದರೆ ಸೂತ್ರವನ್ನು ಬರೆದದ್ದು ನಾವು, ವಿಡಿಯೊ ತೆಗೆದದ್ದು ನಾವು, ಎರಡೇ ಉತ್ತರ ಅಂತ ಗೊತ್ತು ಮಾಡಿದ್ದೂ ನಾವು. ನನಗೆ ಅದು ಒಗ್ಗಲಿಲ್ಲ. ಇವತ್ತಿಗೂ ಒಗ್ಗಿಲ್ಲ. ಮಣೆ ಮೇಲೆ ಕೂತವರ ಪ್ರಶ್ನೆ ನಿಜವಾದದ್ದು. ಒಬ್ಬರ ಮಗನ ಕಾಯಿಲೆ ಇರಬಹುದು. ಅದಕ್ಕೆ ಲ್ಯಾಪ್‌ಟಾಪ್ ಹೂ ಹಾಕಿಸುವುದು ನಾವು ಮಾಡುವ ಕೆಲಸವಲ್ಲ.

ಉಳಿದದ್ದು ಮೂರನೆಯ ದಾರಿ, ಲೈವ್. ಇದನ್ನು ಹೇಳುವಾಗ ನಾಮ್ ಜೂನ್ ಪೈಕ್ ನೆನಪಾಗಲೇಬೇಕು. ಕೊರಿಯಾದಲ್ಲಿ ಹುಟ್ಟಿದ ಕಲಾವಿದ, ವಿಡಿಯೊವನ್ನು ಕಲೆಗೆ ತಂದವರಲ್ಲಿ ಮೊದಲಿಗರು. 1974ರಲ್ಲಿ ಅವರು ಒಂದು ಬುದ್ಧನ ಮೂರ್ತಿಯ ಎದುರು ಟಿವಿ ಇಟ್ಟರು, ಟಿವಿಯ ಹಿಂದೆ ಬುದ್ಧನ ಕಡೆ ತಿರುಗಿಸಿ ಕ್ಯಾಮೆರಾ ಇಟ್ಟರು. ಬುದ್ಧ ಟಿವಿಯಲ್ಲಿ ತನ್ನನ್ನೇ ನೋಡುತ್ತ ಕೂತಿದ್ದಾನೆ. ರೆಕಾರ್ಡ್ ಮಾಡಿದ್ದು ಏನೂ ಇಲ್ಲ. ನೀವು ನಡುವೆ ಬಾಗಿದರೆ ನೀವೂ ಆ ಟಿವಿಯೊಳಗೆ ಬರುತ್ತೀರಿ. ಒಂದು ಮೂರ್ತಿ, ಒಂದು ಕ್ಯಾಮೆರಾ, ಒಂದು ಟಿವಿ. ಐವತ್ತು ವರ್ಷವಾದರೂ ಜನ ಅದರ ಮುಂದೆ ನಿಲ್ಲುತ್ತಾರೆ.

ನಾವೂ ಹಾಗೇ ಮಾಡಿದೆವು. ಆ ಮನೆಯವರ ವಿಡಿಯೊ ತೆಗೆದುಬಿಟ್ಟೆವು. ಹಿತ್ತಲಿನ ಒಂದು ಕಲ್ಲನ್ನು ತೊಳೆದು ಇಟ್ಟು, ಒದ್ದೆ ಎಸಳು ಅಂಟಿಸಿ, ಕ್ಯಾಮೆರಾ ಹಚ್ಚಿ, ಗೋಡೆಯ ಮೇಲೆ ದೊಡ್ಡದಾಗಿ ಬಿಟ್ಟೆವು. ಅದು ದೇವರಲ್ಲ, ಕಲ್ಲು ಅಂತ ಬಾಗಿಲಲ್ಲೇ ಹೇಳುತ್ತಿದ್ದೆವು. ಯಾವಾಗ ಬೀಳುತ್ತದೆ, ಎತ್ತ ಬೀಳುತ್ತದೆ ನಮಗೂ ಗೊತ್ತಿರಲಿಲ್ಲ. ಒಂದು ಸಲ ಐದು ನಿಮಿಷಕ್ಕೆ ಬಿತ್ತು. ಒಂದು ಸಲ ಮುಕ್ಕಾಲು ಗಂಟೆ ಬೀಳಲೇ ಇಲ್ಲ.

ಇದರ ಹಿಂದಿನ ಕಾರಣ ಬಹಳ ಸರಳ. ಎಸಳು ಮತ್ತು ಕಲ್ಲಿನ ನಡುವೆ ತೆಳುವಾದ ನೀರಿನ ಪದರ ಇರುತ್ತದೆ. ನೀರು ಎರಡನ್ನೂ ಹಿಡಿದುಕೊಳ್ಳುತ್ತದೆ. ಸ್ವಲ್ಪ ಇಳಿದು ಹೋಗುತ್ತದೆ, ಸ್ವಲ್ಪ ಆರುತ್ತದೆ, ಹಿಡಿತ ಸಡಿಲವಾಗುತ್ತದೆ, ಎಸಳಿನ ಭಾರ ಗೆಲ್ಲುತ್ತದೆ. ಕಲ್ಲಿನ ಓರೆ, ಕಿಟಕಿಯ ಗಾಳಿ, ಮಣೆ ಮೇಲೆ ಕೂತವರ ಉಸಿರು ಎಲ್ಲಕ್ಕೂ ಅದರಲ್ಲಿ ಪಾಲಿದೆ. ಇದನ್ನು ಕೇಳಿದವರಿಗೆಲ್ಲ ಹೇಳಿದೆ. ಕೇಳಿಸಿಕೊಂಡು, “ಹೌದ್ರೀ” ಅಂದು, ಮತ್ತೆ ಮಣೆ ಮೇಲೆ ಹೋಗಿ ಕೂತರು. ನೀರು ಆರುವುದು ಅವರಿಗೂ ಗೊತ್ತಿತ್ತು. ಅವರಿಗೆ ಬೇಕಾಗಿದ್ದದ್ದು ತಮ್ಮ ಪ್ರಶ್ನೆಯ ಜೊತೆ ಅಷ್ಟು ಹೊತ್ತು ಸುಮ್ಮನೆ ಕೂರುವುದು.

ಎರಡನೇ ಕೋಣೆ ಚಿಕ್ಕದು, ಮೊದಲು ಅಡುಗೆಮನೆಯಾಗಿದ್ದದ್ದು. ಅಲ್ಲಿ ಒಂದು ಬೀಸುಕಲ್ಲು ಮಾತ್ರ. ಹೊರಗೆ ನಿಂತರೆ ಏನೂ ಕೇಳುವುದಿಲ್ಲ. ಕಲ್ಲಿನ ಕೆಳಗಿನ ತೇಗದ ಹಲಗೆಗೆ ಮೊಣಕೈ ಊರಿ, ಅಂಗೈಯಿಂದ ಕಿವಿ ಮುಚ್ಚಿದರೆ ಹೆಣ್ಣುಮಗಳೊಬ್ಬರು ಬೀಸುವ ಪದ ಹಾಡುವುದು ಕೇಳುತ್ತದೆ. ತಲೆಯ ಒಳಗಿನಿಂದಲೇ ಬಂದ ಹಾಗೆ.

ಹಲಗೆಯ ಅಡಿಗೆ ಎಕ್ಸೈಟರ್ ಅನ್ನುವ ಪುಟ್ಟ ಸಾಧನ ಹಚ್ಚಿದ್ದೆವು. ಸ್ಪೀಕರ್‌ನಲ್ಲಿ ಒಂದು ಕಾಗದದ ಕೋನ್ ಇರುತ್ತದಲ್ವಾ, ಅದು ಗಾಳಿಯನ್ನು ನೂಕಿ ಸದ್ದು ಮಾಡುತ್ತದೆ. ಎಕ್ಸೈಟರ್‌ಗೆ ಕೋನ್ ಇಲ್ಲ. ಯಾವುದಕ್ಕೆ ಹಚ್ಚುತ್ತೀರೋ ಅದನ್ನೇ ಅಲುಗಿಸುತ್ತದೆ. ಮೊದಲು ಕಲ್ಲಿಗೇ ಹಚ್ಚಿ ನೋಡಿದೆ. ಕಲ್ಲು ಭಾರ, ಜಗ್ಗಲಿಲ್ಲ. ಹಲಗೆಗೆ ಹಚ್ಚಿದ ಮೇಲೆ ನಡುಕ ಮೊಣಕೈಗೆ ಹತ್ತಿ, ತೋಳಿನ ಎಲುಬಿನಿಂದ ತಲೆಬುರುಡೆಗೆ, ಅಲ್ಲಿಂದ ಒಳಕಿವಿಗೆ ಹೋಯಿತು. ಅಮೆರಿಕದ ಕಲಾವಿದೆ ಲಾರಿ ಆಂಡರ್ಸನ್ 1978ರಲ್ಲೇ ಇಂಥ ಮೇಜು ಮಾಡಿದ್ದರು. ಮೊಣಕೈ ಊರಿ ಕೇಳುವ ಉಪಾಯ ಅವರದೇ.

ಬೀಸುವ ಪದವನ್ನೇ ಯಾಕೆ ತೆಗೆದುಕೊಂಡರು? ಆ ಪದಗಳು ಬೀಸುವವರು ದೇವರ ಜೊತೆ ಆಡುವ ಮಾತು. ದೇವರನ್ನು ನೆನೆದು ಶುರುವಾಗಿ ತವರು, ಅಣ್ಣ, ಅತ್ತೆಮನೆ ಎಲ್ಲ ಬಂದು ಹೋಗುತ್ತವೆ. ಗುಡಿಗೆ ಹೋಗಲು ಪುರಸೊತ್ತಿಲ್ಲದವರು ನಸುಕಿನಲ್ಲಿ ಜೋಳ ಬೀಸುತ್ತ ಆಡಿದ್ದು. ಕೆಲಸದಲ್ಲೇ ದೇವರ ಮಾತು ಕೇಳುವುದು ಈ ಮಣ್ಣಿನಲ್ಲಿ ಬಹಳ ಹಳೆಯದು. ಶಿಗ್ಗಾವಿ ತಾಲೂಕಿನ ಶಿಶುನಾಳದ ಶರೀಫರು (1819–1889) ಸೋರುವ ಮಾಳಿಗೆ ನೋಡಿದರೂ, ಕೋಳಿ ನೋಡಿದರೂ ಅದರೊಳಗೆ ತತ್ವ ಕಂಡವರು. ಗದಗಿನ ವೀರನಾರಾಯಣ ಗುಡಿಯಲ್ಲಿ ಕೂತು ಭಾರತ ಬರೆದ ಕುಮಾರವ್ಯಾಸ, ವೀರನಾರಾಯಣನೇ ಕವಿ, ತಾನು ಬರೀ ಲಿಪಿಕಾರ ಅಂದ. ಒದ್ದೆ ಬಟ್ಟೆಯಲ್ಲಿ ಬಂದು ಕೂತು, ಅದು ಆರುವ ತನಕ ಮಾತ್ರ ಬರೆಯುತ್ತಿದ್ದ ಅಂತ ಜನ ಇವತ್ತಿಗೂ ಆ ಕಂಬ ತೋರಿಸುತ್ತಾರೆ. ಬಟ್ಟೆ ಆರುವುದು, ಎಸಳು ಆರುವುದು. ನಾನು ಈ ಎರಡನ್ನೂ ಒಟ್ಟಿಗೆ ನೆನೆಯದೆ ಇರಲಾರೆ.

ಸ್ವೀಡನ್ನಿನ ಹಿಲ್ಮಾ ಆಫ್ ಕ್ಲಿಂಟ್ (1862–1944) ಕೂಡ ಹೀಗೇ ಹೇಳಿಕೊಂಡರು. ದೇವಾಲಯಕ್ಕಾಗಿ ಅಂತ 1906ರಿಂದ 1915ರವರೆಗೆ 193 ಚಿತ್ರ ಬರೆದರು. ತನ್ನ ಕೈ ಹಿಡಿದು ಬರೆಸಿದವರು ಬೇರೆ ಅಂದರು. ತಾನು ಸತ್ತು ಇಪ್ಪತ್ತು ವರ್ಷ ಆಗುವ ತನಕ ಅವನ್ನು ತೋರಿಸಬೇಡಿ ಅಂತಲೂ ಹೇಳಿ ಹೋದರು. ಕೇಳುವ ಕಿವಿ ಇನ್ನೂ ಬಂದಿಲ್ಲ ಅಂತ ಅವರಿಗೆ ಅನ್ನಿಸಿರಬೇಕು.

ಕಿವಿಯ ಮಾತು ಬಂದರೆ ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು (1914–2010), ಇಬ್ಬರಿಗೂ ಕಣ್ಣಿರಲಿಲ್ಲ. ಕಣ್ಣಿಲ್ಲದ ಎಷ್ಟೋ ಮಕ್ಕಳಿಗೆ ಅಲ್ಲಿ ಸಂಗೀತ ಕಲಿಸಿದರು. ದೇವರನ್ನು ನೋಡುವುದು ದರ್ಶನ ಅನ್ನುತ್ತೇವೆ. ಅಲ್ಲಿ ಅದೇ ದರ್ಶನ ಕಿವಿಯಿಂದ ಆಗುತ್ತದೆ. ಪ್ರದರ್ಶನ ಅಂದ ಕೂಡಲೇ ನೋಡುವುದು ಅಂತ ತಿಳಿಯುವ ನಮಗೆ ಇದು ನೆನಪಿದ್ದರೆ ಒಳ್ಳೆಯದು. ಇಂಥ ಕೋಣೆಗೆ ಹೋದಾಗ ಮೊದಲು ಒಂದು ನಿಮಿಷ ಕಣ್ಣು ಮುಚ್ಚಿ ನಿಂತು ನೋಡಿ. ಯಾವ ಸದ್ದು ಎಲ್ಲಿಂದ ಬರುತ್ತಿದೆ ಗುರುತಿಸಿ. ಎಡದಿಂದ ಬಂದ ಸದ್ದು ಬಲಗಿವಿಗೆ ಒಂದು ಸೆಕೆಂಡಿನ ಸಾವಿರದ ಒಂದು ಪಾಲಿಗಿಂತ ಕಡಿಮೆ ತಡವಾಗಿ ಮುಟ್ಟುತ್ತದೆ. ಅಷ್ಟು ಸಾಕು, ಮಿದುಳು ದಿಕ್ಕು ಹೇಳುತ್ತದೆ. ಕಲಾವಿದರು ಸ್ಪೀಕರ್ ಜೋಡಿಸುವುದೆಲ್ಲ ಇದರ ಮೇಲೇ.

ಮೂರನೇ ಕೋಣೆ ನಿಂತದ್ದೂ ಇದರ ಮೇಲೇ. ಅದಕ್ಕೆ ಬೇಕಾದ ಸದ್ದನ್ನು ಗೆಳೆಯರು ರಾಣೆಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿ ಹಿಡಿದು ತಂದಿದ್ದರು. ನವರಾತ್ರಿಯ ಆಯುಧಪೂಜೆಯ ದಿನ ಅಲ್ಲಿ ಮಾಲತೇಶನ ಕಾರಣಿಕ, ಅಂದರೆ ದೇವರು ನುಡಿಯುವ ಭವಿಷ್ಯ. ಅತ್ತ ತುಂಗಭದ್ರೆಯ ದಂಡೆಯ ಮೈಲಾರದಲ್ಲಿ ಭರತ ಹುಣ್ಣಿಮೆಯ ಹೊತ್ತಿಗೆ ಆಗುವುದೂ ಇದೇ ಬಗೆಯದು. ನೋಡದವರಿಗಾಗಿ ಹೇಳುತ್ತೇನೆ. ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲು ಏರುತ್ತಾರೆ. ಸುತ್ತ ಕಣ್ಣು ಹಾಯುವಷ್ಟು ದೂರ ಜನ, ಭಂಡಾರದ ಹಳದಿ, ಡಮರುಗದ ಸದ್ದು, “ಏಳು ಕೋಟಿ” ಅನ್ನುವ ಕೂಗು. ಮೇಲಿನಿಂದ ಒಂದೇ ಶಬ್ದ ಬರುತ್ತದೆ: “ಸದ್ದಲೇ!” ಅಷ್ಟೂ ಜನ ಬಾಯಿ ಮುಚ್ಚುತ್ತಾರೆ. ಒಂದು ಸಾಲಿನ ನುಡಿ ಬೀಳುತ್ತದೆ. ನುಡಿಯ ಹಿಂದೆಯೇ ಗೊರವಯ್ಯನೂ ಬಿಲ್ಲಿನಿಂದ ಬೀಳುತ್ತಾರೆ, ಕೆಳಗಿನವರು ಹಿಡಿದುಕೊಳ್ಳುತ್ತಾರೆ.

2023ರಲ್ಲಿ ಮೈಲಾರದ ನುಡಿ “ಅಂಬಲಿ ಹಳಸಿತು, ಕಂಬಳಿ ಬೀಸಿತಲೇ ಪರಾಕ್” ಅಂತ ಇತ್ತು. ಅದು ಚುನಾವಣೆಯ ವರ್ಷ. ಯಾವ ಅಂಬಲಿ, ಯಾರ ಕಂಬಳಿ ಅಂತ ಊರೂರಲ್ಲಿ ಮಾತೇ ಮಾತು. ಹಳಸಿದ ಅಂಬಲಿ ಅಂದರೆ ಬರ ಅಂದವರಿದ್ದರು. ಅಂಬಲಿ ಹಳಸಿದ್ದು ಅಂದರೆ ಉಂಡು ಮಿಕ್ಕಿದೆ, ಬೆಳೆ ಚೆನ್ನಾಗಿದೆ ಅನ್ನುವುದಕ್ಕೂ ಅಡ್ಡಿಯಿಲ್ಲ. ನುಡಿ ನಾಲ್ಕೈದು ಶಬ್ದ. ಅರ್ಥ ಮಾಡುವ ಕೆಲಸ ಪೂರ್ತಿ ಕೇಳಿದವರದು.

ಗೆಳೆಯರು ಇಲ್ಲಿ ಒಂದು ನಿರ್ಧಾರ ಮಾಡಿದರು. ನನಗೆ ಇಡೀ ಪ್ರದರ್ಶನದಲ್ಲಿ ಅತಿ ಹೆಚ್ಚು ಇಷ್ಟವಾದದ್ದು ಅದೇ. ಅವರು ಕಾರಣಿಕದ ನುಡಿಯನ್ನು ಕೋಣೆಗೆ ತರಲಿಲ್ಲ. ನುಡಿಗೆ ಮೊದಲಿನ ಗದ್ದಲ ತಂದರು, “ಸದ್ದಲೇ” ಆದ ಮೇಲಿನ ಮೌನ ತಂದರು. ಆಮೇಲೆ ಮರಳುವ ದಾರಿಯಲ್ಲಿ, ಚಹಾದಂಗಡಿಯಲ್ಲಿ, ಟ್ರ್ಯಾಕ್ಟರ್ ಮೇಲೆ ಜನ ಆಡಿಕೊಂಡ ಮಾತು ತಂದರು, ಅವರವರನ್ನು ಕೇಳಿ, ಒಪ್ಪಿಸಿ. ಕತ್ತಲ ಕೋಣೆಯಲ್ಲಿ ಆಳೆತ್ತರಕ್ಕೆ ಹನ್ನೆರಡು ಸ್ಪೀಕರ್ ನಿಲ್ಲಿಸಿದ್ದೆವು. ಒಂದೊಂದರಲ್ಲಿ ಒಬ್ಬೊಬ್ಬರು. ನಡುವೆ ನಿಂತರೆ ಬರೀ ಗಿಜಿಗಿಜಿ. ಒಂದರ ಹತ್ತಿರ ಹೋದರೆ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ, ರೇಟು ಏರುತ್ತದೆ ಅನ್ನುತ್ತಾರೆ. ಅದರ ಪಕ್ಕದಲ್ಲಿ ಗೋವಿನಜೋಳ ಬೆಳೆದ ರೈತ, ಅದೇ ನುಡಿಗೆ ಮಳೆ ಕೈ ಕೊಡುತ್ತದೆ ಅನ್ನುತ್ತಾರೆ. ಆಚೆ ಒಬ್ಬ ತಾಯಿ, ಮಗನಿಗೆ ನೌಕರಿ ಆಗುತ್ತದೆ ಅಂತ ನಗುತ್ತಾರೆ.

ಸ್ಪೀಕರ್‌ಗೊಂದು ಕಂಠ ಅನ್ನುವ ಈ ಬಗೆಯನ್ನು ಜಗತ್ತಿಗೆ ಚೆನ್ನಾಗಿ ತೋರಿಸಿದವರು ಕೆನಡಾದ ಜಾನೆಟ್ ಕಾರ್ಡಿಫ್. 2001ರಲ್ಲಿ ಅವರು 16ನೇ ಶತಮಾನದ ಒಂದು ಪ್ರಾರ್ಥನಾ ಗೀತೆಯ 40 ಕಂಠಗಳನ್ನು ಬೇರೆ ಬೇರೆಯಾಗಿ ರೆಕಾರ್ಡ್ ಮಾಡಿ 40 ಸ್ಪೀಕರ್‌ಗಳಲ್ಲಿ ಬಿಟ್ಟರು. ನಡುವೆ ನಿಂತರೆ ಇಡೀ ಗೀತೆ, ಹತ್ತಿರ ಹೋದರೆ ಒಬ್ಬರ ಉಸಿರು. ಅಲ್ಲಿ ನಲವತ್ತೂ ಸೇರಿ ಒಂದೇ ಹಾಡಾಗುತ್ತದೆ. ನಮ್ಮ ಕೋಣೆಯಲ್ಲಿ ಹನ್ನೆರಡು ಸೇರಿದರೂ ಒಂದಾಗುತ್ತಿರಲಿಲ್ಲ. ಆಗಬೇಕು ಅಂತಲೂ ಇರಲಿಲ್ಲ.

“ಆದ್ರ ನುಡಿ ಏನಾತು?” ಅಂತ ಎಲ್ಲರೂ ಕೇಳಿದರು. ಹೇಳಲಿಲ್ಲ. ಅದು ದೇವರಗುಡ್ಡದಲ್ಲಿ, ಆ ದಿನ, ಆ ಬಿಸಿಲಿನಲ್ಲಿ ನಿಂತವರಿಗೆ ಸೇರಿದ್ದು. ಮೊಬೈಲಿನಲ್ಲಿ ವಿಡಿಯೊ ಸಿಗುತ್ತದೆ ನಿಜ. ಆದರೆ ಉಪವಾಸವಿದ್ದು, ಎತ್ತರಕ್ಕೆ ಹತ್ತಿ, ಜೀವ ಕೈಯಲ್ಲಿ ಹಿಡಿದು ಒಬ್ಬರು ಆಡಿದ ಮಾತನ್ನು ಎ.ಸಿ. ಕೋಣೆಯಲ್ಲಿ ದಿನಕ್ಕೆ ಐವತ್ತು ಸಲ ತಿರುಗಿಸುವುದು ಸರಿಯಲ್ಲ ಅಂತ ನನಗೆ ಅನ್ನಿಸುತ್ತದೆ. ಮೈಮೇಲೆ ದೇವರು ಬಂದವರ ಮುಖವನ್ನು ದೊಡ್ಡ ಪರದೆಯಲ್ಲಿ ತೋರಿಸುವ ಪ್ರದರ್ಶನಗಳಿವೆ. ಅವರಿಗೆ ಆಗ ಮೈಮೇಲೆ ಪ್ರಜ್ಞೆ ಇರುವುದಿಲ್ಲ, ಬೇಡ ಅನ್ನುವ ಸ್ಥಿತಿಯಲ್ಲಿ ಇರುವುದಿಲ್ಲ. ಅಂಥದ್ದನ್ನು ನೋಡಿದಾಗ ಪಕ್ಕದಲ್ಲಿ ಇರುವವರನ್ನು ಒಂದು ಪ್ರಶ್ನೆ ಕೇಳಿ: ಇವರು ಎಚ್ಚರ ಆದ ಮೇಲೆ ಇದನ್ನು ನೋಡಿದ್ದಾರಾ, ಒಪ್ಪಿದ್ದಾರಾ? ಸರಿಯಾದ ಉತ್ತರ ಬರದಿದ್ದರೆ ಆ ಕೃತಿ ಎಷ್ಟೇ ಚೆಂದ ಇದ್ದರೂ ನಾನು ಮುಂದೆ ನಿಲ್ಲುವುದಿಲ್ಲ.

ಮೋಟಾರ್ ರಿವೈಂಡಿಂಗ್‌ನವರು ಐದನೇ ದಿನ ಮತ್ತೆ ಬಂದರು. ಈ ಸಲ ಎಷ್ಟೊತ್ತಿಗೆ ಶುರು ಅಂತ ಕೇಳಲಿಲ್ಲ. ಮೊದಲ ಕೋಣೆಗೆ ನೇರ ಹೋಗಿ ಮಣೆ ಮೇಲೆ ಕೂತರು. ಇಪ್ಪತ್ತು ನಿಮಿಷ ಆಯಿತು, ಹೂ ಬೀಳಲಿಲ್ಲ. ಎದ್ದು ಹೊರಗೆ ಬಂದು ಚಪ್ಪಲಿ ಮೆಟ್ಟುತ್ತ, “ಇರ್ಲಿ ಬಿಡ್ರಿ, ಅಂವಗೂ ವಿಚಾರ ಮಾಡಾಕ ಹೊತ್ತು ಬೇಕಲ್ಲ” ಅಂದರು. ಏನು ಕೇಳಿದಿರಿ ಅಂತ ನಾನು ಕೇಳಲಿಲ್ಲ.

ರಾತ್ರಿ ಎಲ್ಲ ಬಿಚ್ಚುವ ಕೆಲಸ. ಸ್ಪೀಕರ್ ಪೆಟ್ಟಿಗೆಗೆ ಹೋದವು, ಬೀಸುಕಲ್ಲು ಕೊಟ್ಟ ಮನೆಗೆ ಹೋಯಿತು. ನಾನು, ಮತ್ತಿಬ್ಬರು ನೆಲದ ಮೇಲೆ ಕೂತು ವೈರ್ ಸುತ್ತುತ್ತಿದ್ದೆವು. “ಮುಂದಿನ ಸಲ ಗದಗಿನಾಗ ಮಾಡೋಣು. ಜಾಗ ಸಿಗ್ತದ” ಅಂತ ಒಬ್ಬ ಅಂದ. ಮೇಲೆ ಜಂತಿಯ ಸಂದಿಯಲ್ಲಿ ಹಲ್ಲಿ ಲೊಚ್ ಲೊಚ್ ಅಂದಿತು. ಮೂವರ ಕೈಯೂ ಒಟ್ಟಿಗೇ ನೆಲ ಕುಟ್ಟಿದವು.